ಮದ್ದು ಮೈಯಲ್ಲಿ ಎಷ್ಟು ಹೊತ್ತು?

'ಅತಿಯಾದರೆ ಅಮೃತವೂ ವಿಷ' ಎಂಬ ಗಾದೆಯನ್ನು ಕೇಳದವರಿಲ್ಲ. ಆದರೂ ಜ್ವರದ ಮಾತ್ರೆ ನುಂಗಿ ಒಂದು ಗಂಟೆಯೊಳಗೆ ಬೆವರದಿದ್ದರೆ ಇನ್ನೊಂದನ್ನು ನುಂಗುವ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಮೊದಲನೆಯ ಮಾತ್ರೆ ಮೈಯಲ್ಲಿ ಇನ್ನೂ ಕೆಲಸ ಮಾಡುತ್ತಿದೆ ಎಂಬುದು ಅವರಿಗೆ ತಿಳಿಯದು.

ನುಂಗಿದ ಮದ್ದು ಕರುಳಿನಿಂದ ರಕ್ತವನ್ನು ಸೇರುತ್ತದೆ. ಅನೇಕ ಮದ್ದುಗಳನ್ನು ಯಕೃತ್ತು ಮಾರ್ಪಡಿಸುತ್ತದೆ, ಮೂತ್ರಪಿಂಡಗಳು ಹೊರಹಾಕುತ್ತವೆ. ರಕ್ತದಲ್ಲಿ ಮದ್ದಿನ ಪ್ರಮಾಣವು ಅರ್ಧಕ್ಕೆ ಇಳಿಯಲು ಬೇಕಾಗುವ ಕಾಲಕ್ಕೆ 'ಅರ್ಧಾಯು' ಎಂದು ಹೆಸರು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲಿನ ಅರ್ಧಾಯು ಆರೋಗ್ಯವಂತ ವಯಸ್ಕರಲ್ಲಿ ಸುಮಾರು 2ರಿಂದ 3 ಗಂಟೆ. ಲೆಕ್ಕಕ್ಕೆ 2 ಗಂಟೆ ಎಂದೇ ಇಟ್ಟುಕೊಳ್ಳೋಣ. 500 ಮಿಲಿಗ್ರಾಂ ರಕ್ತಕ್ಕೆ ಸೇರಿದರೆ 2 ಗಂಟೆಯ ಬಳಿಕ 250, 4 ಗಂಟೆಯ ಬಳಿಕ 125, 6 ಗಂಟೆಯ ಬಳಿಕ ಸುಮಾರು 62 ಮಿಲಿಗ್ರಾಂ ಉಳಿಯುತ್ತದೆ. ವೈದ್ಯರು 'ಆರು ಗಂಟೆಗೊಮ್ಮೆ' ಎಂದು ಬರೆಯುವುದರ ಹಿಂದೆ ಈ ಲೆಕ್ಕವೂ ಇದೆ. ಅವಸರಪಟ್ಟು ಮತ್ತೆ ಮತ್ತೆ ನುಂಗಿದರೆ ಹಳೆಯದರ ಮೇಲೆ ಹೊಸದು ಕೂಡಿ ಯಕೃತ್ತು ಕೆಡುತ್ತದೆ. ಶೀತದ ಅನೇಕ ಮಾತ್ರೆಗಳಲ್ಲಿಯೂ ಇದೇ ಮದ್ದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ ಎಂಬುದನ್ನು ಮರೆಯಬಾರದು.

ಮದ್ದಿನ ಪರಿಣಾಮ ಮುಗಿದರೂ ಅದರ ಕುರುಹು ಬೇಗನೆ ಅಳಿಯುವುದಿಲ್ಲ. ಹೊಗೆಸೊಪ್ಪಿನ ನಿಕೋಟಿನ್‌ನ ಅರ್ಧಾಯು ಸುಮಾರು 2 ಗಂಟೆ. ಆದರೆ ಅದರಿಂದ ದೇಹದಲ್ಲಿ ಹುಟ್ಟುವ ಕೋಟಿನಿನ್‌ನದು ಸುಮಾರು 16 ಗಂಟೆ. ಆದುದರಿಂದ ಬೀಡಿ ಸೇದಿದವನ ಬಾಯಿಯ ವಾಸನೆ ಹೋದರೂ ಮೂತ್ರಪರೀಕ್ಷೆಯಲ್ಲಿ ಕೆಲವು ದಿನ ಗುಟ್ಟು ರಟ್ಟಾಗುತ್ತದೆ. ಗಾಂಜಾದ ಅಂಶವು ಕೊಬ್ಬಿನಲ್ಲಿ ಸೇರಿಕೊಳ್ಳುವುದರಿಂದ ನಿತ್ಯ ಸೇದುವವರಲ್ಲಿ ವಾರಗಟ್ಟಲೆ ಉಳಿಯುತ್ತದೆ. 1988ರ ಸಿಯೋಲ್ ಒಲಿಂಪಿಕ್ಸಿನಲ್ಲಿ ಕೆನಡಾದ ಬೆನ್ ಜಾನ್ಸನ್ 100 ಮೀಟರ್ ಓಟವನ್ನು 9.79 ಸೆಕೆಂಡುಗಳಲ್ಲಿ ಗೆದ್ದರು. ಮೂತ್ರದಲ್ಲಿ ಸ್ಟಾನೋಜೊಲಾಲ್ ಎಂಬ ನಿಷಿದ್ಧ ಮದ್ದಿನ ಕುರುಹು ದೊರೆತು, ಕೆಲವೇ ದಿನಗಳಲ್ಲಿ ಆ ಚಿನ್ನದ ಪದಕವನ್ನು ಕಳೆದುಕೊಂಡರು.

ಒಲಿಂಪಿಕ್ಸಿನ ಓಟಗಾರನಿಗೂ ಮನೆಯ ಅಜ್ಜಿಗೂ ದೇಹದ ನಿಯಮ ಒಂದೇ. ವಯಸ್ಸಾದವರಲ್ಲಿ, ಯಕೃತ್ತು ಮೂತ್ರಪಿಂಡಗಳ ಕಾಯಿಲೆ ಇರುವವರಲ್ಲಿ ಮದ್ದು ಇನ್ನೂ ಹೆಚ್ಚು ಹೊತ್ತು ಉಳಿಯಬಹುದು.

ವಿದ್ಯಾರ್ಥಿಗಳೇ, ನಮ್ಮ ಕಾಸರಗೋಡಿನಲ್ಲಿ ಮಾತ್ರೆಯ ಮೇಲಿನ ಅಕ್ಷರ ಇಂಗ್ಲಿಷು. ಆಸ್ಪತ್ರೆಯಲ್ಲಿ ಕೇಳುವ ಮಾತು ಹೆಚ್ಚಾಗಿ ಮಲಯಾಳ. ಕನ್ನಡವೊಂದನ್ನೇ ಓದಬಲ್ಲ ಅಜ್ಜಿಗೆ ಅದನ್ನು ತಿಳಿಸಿ ಹೇಳಬೇಕಾದವರು ನೀವು. ಮಾತ್ರೆಯ ಹೆಸರು, ನುಂಗಿದ ಗಂಟೆ, ಮುಂದಿನ ಗಂಟೆ, ಈ ಮೂರನ್ನು ಕನ್ನಡದಲ್ಲಿ ದಪ್ಪಕ್ಷರದಿಂದ ಬರೆದು ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಸಿರಿ. ಮೂರು ಭಾಷೆ ಕಲಿತ ನಿಮ್ಮಿಂದ ಮನೆಗೆ ಆಗಬಹುದಾದ ಉಪಕಾರಗಳಲ್ಲಿ ಇದು ಸಣ್ಣದಲ್ಲ.