ಗ್ವಾಡಲೂಪೆಯ ಹೊಸ ದೇವಾಲಯ

ಮೆಕ್ಸಿಕೋ ನಗರದ ಗ್ವಾಡಲೂಪೆ ಮಾತೆಯ ಕ್ಷೇತ್ರವು ಕ್ರೈಸ್ತ ಯಾತ್ರಿಕರ ಮಹಾಸ್ಥಾನಗಳಲ್ಲೊಂದು. 1531ರಲ್ಲಿ ಹುವಾನ್ ದಿಯೇಗೋ ಎಂಬಾತನ ಹೊದಿಕೆಯ ಮೇಲೆ ಮೂಡಿತೆಂದು ಭಕ್ತರು ನಂಬುವ ಮಾತೆಯ ಚಿತ್ರವೇ ಅಲ್ಲಿಯ ಆರಾಧ್ಯವಸ್ತು. 1709ರಲ್ಲಿ ಪೂರ್ಣಗೊಂಡ ಹಳೆಯ ದೇವಾಲಯವು ಕಾಲಕ್ರಮದಲ್ಲಿ ವಾಲತೊಡಗಿತು. ದೋಷವು ಕಲ್ಲಿನದಲ್ಲ, ನೆಲದ್ದು. ಆ ನಗರದ ಬಹುಭಾಗವು ಹಿಂದಿನ ಸರೋವರದ ಮೆತ್ತನೆಯ ಜೇಡಿಯ ಮೇಲೆ ನಿಂತಿದೆ. ಅಂತರ್ಜಲವನ್ನು ಮೇಲೆತ್ತಿದಂತೆಲ್ಲ ಜೇಡಿಯು ಕುಗ್ಗಿ, ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಕುಸಿಯುತ್ತದೆ. ಬೇಸಗೆಯಲ್ಲಿ ನೀರಾರಿದ ಕೆರೆಯಂಗಳವು ಬಿರಿದು ತಗ್ಗುವುದನ್ನು ನಮ್ಮ ಬಾಲಕರು ಕಂಡೇ ಇರುವರು.

1974ರಿಂದ 1976ರವರೆಗೆ ಹೊಸದನ್ನು ಕಟ್ಟುವಾಗ ವಾಸ್ತುಶಿಲ್ಪಿ ಪೆಡ್ರೊ ರಾಮಿರೆಜ್ ವಾಸ್ಕೆಜ್ ಮೊದಲಾದವರು ವರ್ತುಲಾಕಾರವನ್ನು ಆರಿಸಿಕೊಂಡರು. ಒಳಗೆ ನೋಟಕ್ಕೆ ಅಡ್ಡಬರುವ ಕಂಬಸಾಲುಗಳಿಲ್ಲ. ಸುಮಾರು 10,000 ಜನರು ನೆರೆದರೂ ಎಲ್ಲ ಕಡೆಯಿಂದ ಚಿತ್ರಪಟವು ಕಾಣುವಂತೆ ಯೋಜಿಸಿದರು. ಸಮೀಪದ ದರ್ಶನಕ್ಕಾಗಿ ಪಟದ ಕೆಳಗೆ ಚಲಿಸುವ ಕಾಲುದಾರಿಗಳುಂಟು. ನಿಂತವರನ್ನು ಅವೇ ಮುಂದಕ್ಕೊಯ್ಯುವುದರಿಂದ ಜನರು ಒಂದೆಡೆ ಗುಂಪುಗಟ್ಟುವುದಿಲ್ಲ, ಪೂಜೆಗೂ ಅಡ್ಡಿಯಾಗದು. ದೇವರ ಮುಂದೆ ಯಂತ್ರವೇ ಎಂದು ಹಿರಿಯರು ಹುಬ್ಬೇರಿಸಬಹುದು. ಜಾತ್ರೆಯ ಜಂಗುಳಿಯಲ್ಲಿ ಮಗುವನ್ನು ಹೆಗಲ ಮೇಲೆ ಹೊತ್ತು ನಿಂತವರು ಹಾಗೆನ್ನಲಾರರೆಂದು ನಮ್ಮೆಣಿಕೆ.

ಹಳೆಯದನ್ನು ಕೆಡವಲಿಲ್ಲ. ಅಡಿಪಾಯವನ್ನು ಭದ್ರಪಡಿಸಲಾಗಿ, ಅದು ಇಂದಿಗೂ ಹೊಸದರ ಪಕ್ಕದಲ್ಲಿ ಕೊಂಚ ವಾಲಿಕೊಂಡೇ ನಿಂತಿದೆ.