ಉಜ್ಜಿದರೆ ಮೂಡುವ ಹೆಸರು

ಪಾತ್ರೆಗೆ ಹೆಸರು ಹಾಕಿಸುವುದು ನಮ್ಮಲ್ಲಿ ಹಳೆಯ ರೂಢಿ. ಮದುವೆಗೆ ಕೊಟ್ಟ ಕೊಡ, ಚೊಂಬು, ತಟ್ಟೆ ನೋಡಿ. ಕೊಟ್ಟವರ ಹೆಸರು ಅದರ ಮೇಲಿರುತ್ತದೆ. ಹತ್ತು ಮನೆಯ ಪಾತ್ರೆ ಒಂದೇ ಕಡೆ ಸೇರಿದರೂ ನಮ್ಮದು ಯಾವುದೆಂದು ತಿಳಿಯುತ್ತದೆ.

ಆದರೆ ನಾವು ಮಾರಲು ತಯಾರಿಸುವ ವಸ್ತುವಿನ ಮೇಲೆ ನಮ್ಮ ಹೆಸರು ಇರುತ್ತದೆಯೇ? ಬಹಳ ಸಲ ಇರುವುದಿಲ್ಲ. ಕೊಂಡವರಿಗೆ ಅದೇ ವಸ್ತು ಮತ್ತೆ ಬೇಕು. ಯಾರನ್ನು ಕೇಳಬೇಕು? ನಡುವೆ ಮಾರುವವನು ತನ್ನ ಹೆಸರು ಹಾಕಿಕೊಂಡರೂ ಯಾರಿಗೂ ಗೊತ್ತಾಗುವುದಿಲ್ಲ. ದುಡಿಮೆ ನಮ್ಮದು, ಹೆಸರು ಅವನದು!

ಮರದ ಡಬ್ಬಿಗೂ ಗಾಜಿನ ಬಾಟಲಿಗೂ ಚೆಂದವಾಗಿ ಹೆಸರು ಹಾಕಲು ಒಂದು ದಾರಿ ಉಂಟು. ಅದೇ ಉಜ್ಜಿ ಅಂಟಿಸುವ ಅಕ್ಷರ. ಇದಕ್ಕೆ ‘ಡ್ರೈ ಟ್ರಾನ್ಸ್‌ಫರ್’ ಎನ್ನುತ್ತಾರೆ. ಲಂಡನ್ನಿನ ಲೆಟ್ರಾಸೆಟ್ ಕಂಪನಿ 1961ರಲ್ಲಿ ಇಂಥ ಅಕ್ಷರದ ಹಾಳೆಗಳನ್ನು ಮಾರಾಟಕ್ಕೆ ತಂದಿತು. ಕಂಪ್ಯೂಟರ್ ಬರುವ ಮುಂಚೆ ಜಾಹೀರಾತು, ನಕ್ಷೆ ತಯಾರಿಸುವವರು ಇದನ್ನು ಬಹಳ ಬಳಸುತ್ತಿದ್ದರು. ಈಗ ನಮಗೆ ಬೇಕಾದ ಹೆಸರು, ಚಿತ್ರ ಕೊಟ್ಟು ಹಾಳೆ ಮಾಡಿಸಬಹುದು.

ಸಂಘದ ಇಬ್ಬರು ಮಾತಾಡುವುದನ್ನು ಕೇಳಿ.

“ಅಕ್ಕಾ, ಇದೂ ಸ್ಟಿಕ್ಕರ್ ತಾನೆ?”

“ಅಲ್ಲ ಕಣೇ. ಸ್ಟಿಕ್ಕರ್‌ನಲ್ಲಿ ಕಾಗದವೂ ಅಂಟ್ಕೊಳ್ಳುತ್ತೆ. ಆಮೇಲೆ ಅಂಚು ಏಳುತ್ತೆ. ಇದರಲ್ಲಿ ಬರೀ ಅಕ್ಷರ ಉಳಿಯುತ್ತೆ, ಹಾಳೆ ಕೈಗೆ ಬರುತ್ತೆ. ಕೈಯಲ್ಲೇ ಬರೆದ ಹಾಗೆ ಕಾಣುತ್ತೆ.”

“ನೀರು ಹಚ್ಚಬೇಕಾ? ಇಸ್ತ್ರಿ ಪೆಟ್ಟಿಗೆ ಬೇಕಾ?”

“ಎರಡೂ ಬೇಡ. ಉಜ್ಜೋದಷ್ಟೇ.”

ಹಾಕುವುದು ಹೀಗೆ:

1. ವಸ್ತುವನ್ನು ಚೆನ್ನಾಗಿ ಒರೆಸಿ. ಎಣ್ಣೆ, ಧೂಳು, ತೇವ ಇರಬಾರದು. ಮೈ ನುಣುಪಾಗಿರಬೇಕು.
2. ಹಾಳೆಯ ಹಿಂದಿನ ಕಾಗದ ತೆಗೆದು, ಅಕ್ಷರ ನೆಟ್ಟಗೆ ಬರುವಂತೆ ಇಡಿ. ಹಾಳೆ ಅಲುಗಾಡಬಾರದು.
3. ಮೊಂಡು ಕಡ್ಡಿಯಿಂದ ಅಕ್ಷರದ ಮೇಲೆಲ್ಲ ಉಜ್ಜಿ.
4. ಹಾಳೆಯನ್ನು ಮೆಲ್ಲಗೆ ಎತ್ತಿ. ಅಕ್ಷರ ಹಾಳೆಯಲ್ಲೇ ಉಳಿದಿದ್ದರೆ ಮತ್ತೆ ಇಟ್ಟು ಉಜ್ಜಿ.

ನೂರು ಡಬ್ಬಿಗೆ ಹಾಕಿದರೂ ಅಕ್ಷರ ಒಂದೇ ರೀತಿ ಇರುತ್ತದೆ. ಮರ, ಗಾಜು, ತಗಡು, ಪ್ಲಾಸ್ಟಿಕ್ ಎಲ್ಲಕ್ಕೂ ಹಿಡಿಯುತ್ತದೆ.

ಇದಕ್ಕೂ ಮಿತಿ ಇದೆ. ಉಗುರಿನಿಂದ ಕೆರೆದರೆ ಅಕ್ಷರ ಏಳುತ್ತದೆ. ಅದಕ್ಕೇ ಮೇಲೆ ತೆಳುವಾಗಿ ವಾರ್ನಿಶ್ ಹಚ್ಚುವುದುಂಟು. ಮೊದಲು ಒಂದು ಹಳೆಯ ಡಬ್ಬಿಯ ಮೇಲೆ ಹಚ್ಚಿ ನೋಡಿ. ದಿನಾ ತಿಕ್ಕಿ ತೊಳೆಯುವ ಪಾತ್ರೆಗೆ ಇದು ಬೇಡ. ಊಟ ತಾಗುವ ಒಳಮೈಗಂತೂ ಬೇಡವೇ ಬೇಡ. ಉಪ್ಪಿನಕಾಯಿ ಬಾಟಲಿಯ ತಾರೀಖು ಪ್ರತಿ ಸಲ ಬದಲಾಗುತ್ತದೆ. ಅದಕ್ಕೆ ಕಾಗದದ ಚೀಟಿಯೇ ಸರಿ. ನಾಲ್ಕೈದು ವಸ್ತುವಿಗಾಗಿ ಹಾಳೆ ಮಾಡಿಸಿದರೆ ದುಬಾರಿ. ಸಂಘದವರೆಲ್ಲ ಸೇರಿ ಒಟ್ಟಿಗೆ ಮಾಡಿಸಿದರೆ ಒಬ್ಬೊಬ್ಬರ ಖರ್ಚು ಇಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಮಾತು ಒಂದಿದೆ. ಅಚ್ಚು ಮಾಡುವ ಮೊದಲು ಮಾದರಿ ತೋರಿಸಲು ಕೇಳಿ.

“ಅಂಗಡಿಯವರು ಓದಿರ್ತಾರಲ್ಲ ಅಕ್ಕಾ, ನಾವ್ಯಾಕೆ ಓದಬೇಕು?”

“ಹಾಗನ್ಬೇಡ. ‘ಅಕ್ಕಿ’ ಅಂತ ಹೇಳಿದ್ದು ‘ಹಕ್ಕಿ’ ಅಂತ ಅಚ್ಚಾದ್ರೆ? ನೂರು ಡಬ್ಬಿ ಮೇಲೂ ಹಕ್ಕಿ ಕೂರುತ್ತೆ!”

ತಂಗಿ ನಕ್ಕಳು. ನಗುವ ಮಾತಾದರೂ ನಿಜ. ಒಂದು ಅಕ್ಷರ ತಪ್ಪಿದರೆ ಕೊಟ್ಟ ಹಣ ಹೋಯಿತು. ಹೆಸರು, ಊರು, ಫೋನ್ ನಂಬರು ಒಂದೊಂದನ್ನೂ ಬೆರಳಿಟ್ಟು ಓದಿ. ಸರಿ ಇದ್ದರೆ ಮಾತ್ರ ಒಪ್ಪಿಗೆ ಕೊಡಿ. ಬೇರೆಯವರು ಓದಿ ಹೇಳಲಿ ಎಂದು ಕಾಯಬೇಕಾಗಿಲ್ಲ. ಈಗ ನಿಮಗೇ ಓದಲು ಬರುತ್ತದೆ.

ಉತ್ತರ ಹೇಳಿ:
1. ಸ್ಟಿಕ್ಕರ್‌ಗೂ ಉಜ್ಜಿ ಅಂಟಿಸುವ ಅಕ್ಷರಕ್ಕೂ ಏನು ವ್ಯತ್ಯಾಸ?
2. ಇದನ್ನು ಯಾವುದಕ್ಕೆ ಹಾಕಬಾರದು?

ನೀವೇ ಬರೆಯಿರಿ: ನೀವು ತಯಾರಿಸುವ ವಸ್ತುವಿನ ಹೆಸರು, ನಿಮ್ಮ ಹೆಸರು, ನಿಮ್ಮ ಊರು. ಬರೆದದ್ದನ್ನು ಪಕ್ಕದವರಿಂದ ಓದಿಸಿ ನೋಡಿ.