ಧಾರಕಗಳ ಬದಲಿ ಆಯ್ಕೆ: ಒಂದು ಪ್ರಯೋಗ ಪಾಠ

ಉದ್ದೇಶ: ಸರಣಿ ಹಾಗೂ ಸಮಾಂತರ ಜೋಡಣೆಯ ಸೂತ್ರಗಳನ್ನು ಕೈಕೆಲಸದಲ್ಲಿ ಅನ್ವಯಿಸುವುದು.

ವಿಜ್ಞಾನ ಮೇಳಕ್ಕಾಗಿ ವಿದ್ಯುತ್ ಗಿಟಾರಿನ ನಾದವನ್ನು ಮಾರ್ಪಡಿಸುವ ಸಣ್ಣ ಮಂಡಲವನ್ನು ವಿದ್ಯಾರ್ಥಿಗಳು ರಚಿಸುವುದುಂಟು. ನಕ್ಷೆಯಲ್ಲಿ ಸೂಚಿಸಿದ 22 ನ್ಯಾನೊಫ್ಯಾರಡ್ ಧಾರಕವು ಊರಿನ ಅಂಗಡಿಯಲ್ಲಿ ದೊರೆಯದಿದ್ದರೆ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಇಲ್ಲವೇ ಕೈಗೆ ಸಿಕ್ಕಿದ್ದನ್ನು ಜೋಡಿಸಿ, ನಾದ ಕೆಟ್ಟಾಗ ಈ ವಿಷಯವೇ ತಮಗೆ ಒಗ್ಗದೆಂದು ಮಕ್ಕಳು ಕೈಬಿಡುತ್ತಾರೆ. ಲೆಕ್ಕ ಬಲ್ಲ ವಿದ್ಯಾರ್ಥಿಗೆ ಎರಡೂ ಅನಗತ್ಯ.

1. ಸಂಕೇತವನ್ನು ಓದುವುದು
ಧಾರಕದ ಮೇಲಿನ ಮೂರು ಅಂಕೆಗಳಲ್ಲಿ ಮೊದಲೆರಡು ಬೆಲೆಯನ್ನೂ ಮೂರನೆಯದು ಸೊನ್ನೆಗಳ ಸಂಖ್ಯೆಯನ್ನೂ ಸೂಚಿಸುತ್ತವೆ, ಮಾನ ಪಿಕೊಫ್ಯಾರಡ್. 223 ಎಂದರೆ 22,000 ಪಿಕೊಫ್ಯಾರಡ್, ಅಂದರೆ 22 ನ್ಯಾನೊಫ್ಯಾರಡ್. 222 ಎಂದರೆ 2.2 ನ್ಯಾನೊಫ್ಯಾರಡ್ ಮಾತ್ರ.

2. ಬೆಲೆಯ ಪರಿಣಾಮ
ಮಂಡಲದ ಪ್ರವೇಶದಲ್ಲಿ ಧಾರಕವೂ 100 ಕಿಲೋಓಮ್ ರೋಧಕವೂ ಸೇರಿ ತಗ್ಗು ಆವೃತ್ತಿಗಳನ್ನು ತಡೆಯುತ್ತವೆ. ತಡೆಯ ಗಡಿ: 1 ÷ (2 × 3.14 × ರೋಧ × ಧಾರಕತೆ). 22 ನ್ಯಾನೊಫ್ಯಾರಡಿಗೆ ಇದು ಸುಮಾರು 72 ಹರ್ಟ್ಸ್. ಗಿಟಾರಿನ ಅತಿ ತಗ್ಗಿನ ತಂತಿಯ ಆವೃತ್ತಿ ಸುಮಾರು 82 ಹರ್ಟ್ಸ್. ಅದು ಬಹುಮಟ್ಟಿಗೆ ದಾಟುತ್ತದೆ. ತಪ್ಪಾಗಿ 222 ಜೋಡಿಸಿದರೆ ಗಡಿ 720 ಹರ್ಟ್ಸ್ ಮೀರಿ, ಆ ತಂತಿಯ ಮೂಲಸ್ವರ ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

3. ಬದಲಿ ಜೋಡಣೆ
ಸಮಾಂತರದಲ್ಲಿ ಧಾರಕತೆಗಳು ಕೂಡುತ್ತವೆ: ಎರಡು 103ಗಳಿಂದ (ತಲಾ 10 ನ್ಯಾನೊಫ್ಯಾರಡ್) 20 ನ್ಯಾನೊಫ್ಯಾರಡ್. ಸರಣಿಯಲ್ಲಿ ಸಮಾನವಾದ ಎರಡು ಧಾರಕಗಳು ಅರ್ಧವಾಗುತ್ತವೆ: ಎರಡು 473ಗಳಿಂದ 23.5 ನ್ಯಾನೊಫ್ಯಾರಡ್. ಗಡಿಗಳು ಕ್ರಮವಾಗಿ ಸುಮಾರು 80 ಮತ್ತು 68 ಹರ್ಟ್ಸ್. ‘ಕೆ’ ಗುರುತಿನ 223ರಲ್ಲೇ ಶೇ. 10ರ ಏರಿಳಿತ ಇರಬಹುದಾದುದರಿಂದ ಎರಡೂ ಸ್ವೀಕಾರಾರ್ಹ.

4. ಎಚ್ಚರಿಕೆ
ಆಂದೋಲಕದಲ್ಲಿ ಧಾರಕತೆ ಬದಲಾದರೆ ಸ್ವರದ ಸ್ಥಾಯಿಯೇ ಬದಲಾಗುತ್ತದೆ. ಅಲ್ಲಿ ಇಷ್ಟು ಸಡಿಲಿಕೆ ಸಲ್ಲದು. ಬದಲಿ ಧಾರಕದ ವೋಲ್ಟೇಜ್ ಮಿತಿ ಮೂಲಕ್ಕಿಂತ ಕಡಿಮೆ ಇರಬಾರದು. ಪ್ರಯೋಗಕ್ಕೆ 9 ವೋಲ್ಟ್ ಬ್ಯಾಟರಿಯನ್ನು ಮಾತ್ರ ಬಳಸತಕ್ಕದ್ದು.

5. ಪರಿಭಾಷೆ
ಕಾಸರಗೋಡಿನಲ್ಲಾಗಲಿ ಹೊಸೂರಿನಲ್ಲಾಗಲಿ ಅಕ್ಕಲಕೋಟೆಯಲ್ಲಾಗಲಿ ಅಂಗಡಿಯಾತನಿಗೆ ‘ಧಾರಕ’ ತಿಳಿಯದೆ ಇರಬಹುದು. ‘ಕೆಪಾಸಿಟರ್’, ‘223’ ಎಂದರೆ ತಿಳಿಯುತ್ತದೆ. ಶಿಕ್ಷಕರು ಎರಡು ಪದಗಳನ್ನೂ ಕರಿಹಲಗೆಯ ಮೇಲೆ ಜೊತೆಯಾಗಿ ಬರೆಯುವುದು ಒಳಿತು. ಕೊಳ್ಳುವ ಮಾತು ಯಾವುದೇ ಇರಲಿ, ಲೆಕ್ಕದ ವಿವರಣೆಯನ್ನು ಮಕ್ಕಳು ಕನ್ನಡದಲ್ಲಿಯೇ ಪೂರ್ಣವಾಗಿ ಹೇಳಬಲ್ಲವರಾಗಬೇಕು.

ಅಭ್ಯಾಸ: 22 ನ್ಯಾನೊಫ್ಯಾರಡಿನ ಧಾರಕಗಳಷ್ಟೇ ಇವೆ, 47ಕ್ಕೆ ಸಮೀಪದ ಬೆಲೆಯನ್ನು ಹೇಗೆ ಪಡೆಯಬಹುದು? ವ್ಯತ್ಯಾಸ ಶೇಕಡಾ ಎಷ್ಟು?